ಟಾಕೋ ಮತ್ತು ಬ್ಯಾಡಗಿ ಮೆಣಸಿನಕಾಯಿ

ಹಾವೇರಿ ಕಡೆಯಿಂದ ಅವ್ವ ಪುಣೆಗೆ ಬಂದಾಗ, ಮಗಳ ಹಟಕ್ಕೆ ಶಿವಾಜಿನಗರದ ಒಂದು ಮೆಕ್ಸಿಕನ್ ಹೋಟೆಲಿಗೆ ಹೋದೆವು. ಟಾಕೋದೊಳಗೆ ಪನೀರು, ಮೇಲೆ ಮಾವಿನಕಾಯಿ ಚಟ್ನಿ!

"ರೊಟ್ಟಿ ಮಡಚಿ ಪಲ್ಯ ತುಂಬ್ಯಾರ. ಇದಕ್ಕ ಇಷ್ಟು ರೊಕ್ಕ ಯಾಕೋ?" ಅಂದಳು ಅವ್ವ.

"ಬರೇ ಕಲಬೆರಕೆ" ಅಂತ ನಾನೂ ಗೊಣಗಿದೆ.

ಪುಣೆಯಲ್ಲೇ ಹುಟ್ಟಿದ, ಮರಾಠಿಯಲ್ಲೇ ಜಗಳಾಡುವ ಮಗಳು ತಲೆ ಎತ್ತಿದಳು. "ಹಂಗಾದ್ರ ನಾನೂ ಕಲಬೆರಕೆನಾ, ಅಪ್ಪಾ?"

ತಕ್ಷಣ ಉತ್ತರ ಹೊಳೆಯಲಿಲ್ಲ. ಮೆಕ್ಸಿಕೋದವರು ಮೆರೆಸುವ 'ಅಲ್ ಪಾಸ್ತೋರ್' ಟಾಕೋ ಇಪ್ಪತ್ತನೇ ಶತಮಾನದಲ್ಲಿ ಹುಟ್ಟಿದ್ದೇ ಲೆಬನಾನಿನಿಂದ ವಲಸೆ ಹೋದವರ ಶವರ್ಮದಿಂದ. ಕುರಿಮಾಂಸದ ಜಾಗಕ್ಕೆ ಹಂದಿಮಾಂಸ ಬಂತು, ಅಷ್ಟೇ. ಅಷ್ಟು ದೂರ ಯಾಕೆ? ಇದೇ ಶಿವಾಜಿನಗರದ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ನಮ್ಮ ಕರಾವಳಿಯ ಜಗನ್ನಾಥ ಶೆಟ್ಟರು (2023ರಲ್ಲಿ ತೀರಿಕೊಂಡರು) ಬೆಳೆಸಿದ 'ವೈಶಾಲಿ' ಇದೆಯಲ್ಲ, ಅಲ್ಲಿ ದೋಸೆಯಷ್ಟೇ ಹೆಸರಾದದ್ದು ಎಸ್‌ಪಿಡಿಪಿ: ಸೇವು, ಆಲೂಗಡ್ಡೆ, ಮೊಸರು ಹಾಕಿದ ಪುರಿ. ಪುಣೆಯವರು ಅದನ್ನು ತಮ್ಮದೇ ಅಂತಾರೆ.

ಇನ್ನು ನಾನು ಇಲ್ಲಿ ಹದಿನೈದು ವರ್ಷದಿಂದ ಜಂಬ ಕೊಚ್ಚಿದ್ದು ಊರಿನ ಬ್ಯಾಡಗಿ ಮೆಣಸಿನಕಾಯಿ ಬಗ್ಗೆ. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿತು. ಅದರ ಮೂಲವೋ, ಮೆಕ್ಸಿಕೋ! ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ತರುವವರೆಗೆ ಖಾರಕ್ಕೆ ನಮಗಿದ್ದದ್ದು ಕರಿಮೆಣಸು, ಹಿಪ್ಪಲಿ, ಶುಂಠಿ. ಪರದೇಶಿ ಕಾಯಿಗೆ ಮೆಣಸಿನ ಹೆಸರನ್ನೇ ಕೊಟ್ಟು ಮನೆಯೊಳಗೆ ಕರೆದುಕೊಂಡೆವು.

ಇದನ್ನೆಲ್ಲ ಹೇಳಿದರೆ ಅವ್ವ ನಂಬಲಿಲ್ಲ. "ನಮ್ಮಜ್ಜಿ ಕಾಲದಿಂದ ಬೆಳೀತೀವಿ, ಸುಮ್ನಿರು" ಅಂದವಳೇ, ಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದು ಮೊಮ್ಮಗಳ ಟಾಕೋ ಮೇಲೆ ಉದುರಿಸಿದಳು. ಮಗಳು ಇನ್ನೊಂದು ಟಾಕೋ ಹೇಳಿದಳು.