ಮೆಟ್ಟಿಲಾದ ಮಾಸ್ತಿಗಲ್ಲು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವುದಕ್ಕೆ ಬರ ಬಂದರೂ ಕಲ್ಲಿಗೆ ಬರವಿಲ್ಲ. ಸಾವನದುರ್ಗದಿಂದ ರಾಮದೇವರ ಬೆಟ್ಟದವರೆಗೆ ಎತ್ತ ತಿರುಗಿದರೂ ಬಂಡೆಯೇ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನು ಜನ ಮರೆತರೂ ಭೂವಿಜ್ಞಾನಿಗಳು ಮರೆತಿಲ್ಲ. ಇಲ್ಲಿನ ಶಿಲೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಇಷ್ಟೊಂದು ಕಲ್ಲಿರುವ ಸೀಮೆಯಲ್ಲಿ ಗುಡಿ ಕಟ್ಟುವವರು, ಕೆರೆಗೆ ತೂಬು ಕೂರಿಸುವವರು ಹಳೆಯ ಕೆತ್ತನೆಯ ಕಲ್ಲುಗಳನ್ನೇ ಏಕೆ ಹೊತ್ತು ತಂದರು?

ಕಾರಣ ಸರಳವಾದದ್ದು. ಬಂಡೆ ಇದ್ದರೆ ಚಪ್ಪಡಿ ಇದ್ದ ಹಾಗಲ್ಲ. ಸಾಲಾಗಿ ಕುಳಿ ಹೊಡೆದು, ಬೆಣೆ ಬಡಿದು ಸೀಳಿ, ಉಳಿಯಿಂದ ಮಟ್ಟ ಮಾಡುವ ಹೊತ್ತಿಗೆ ಕಲ್ಲುಕುಟಿಗನಿಗೆ ದಿನಗಳೇ ಹಿಡಿಯುತ್ತವೆ. ಊರ ಹೊರಗೆ ಹುಲ್ಲಿನ ನಡುವೆ ಆಳೆತ್ತರದ ಸಿದ್ಧ ಚಪ್ಪಡಿ ನಿಂತಿದ್ದರೆ, ಅದನ್ನು ನಿಲ್ಲಿಸಿದ ಮನೆತನದವರು ಯಾರೂ ಉಳಿದಿಲ್ಲದಿದ್ದರೆ, ನಾಲ್ಕು ಜನ ಸೇರಿ ಗಾಡಿಗೆ ಹಾಕಿಕೊಂಡು ಬರುವುದೇ ಸುಲಭ. ಹೀಗೆ ವೀರಗಲ್ಲು ಗುಡಿಯ ಹೊಸ್ತಿಲಾಯಿತು, ಅರಳಿಕಟ್ಟೆಯ ಹಾಸುಗಲ್ಲಾಯಿತು, ಮಾಸ್ತಿಗಲ್ಲು ಕೊಳದ ಮೆಟ್ಟಿಲಾಯಿತು.

ವೀರಗಲ್ಲನ್ನು ಓದಲು ಅಕ್ಷರ ಬರಬೇಕಾಗಿಲ್ಲ. ಕೆಳಗಿನ ಅಂಕಣದಲ್ಲಿ ಕಾಳಗ. ಕತ್ತಿ, ಬಿಲ್ಲು, ಕೆಲವು ಕಡೆ ಹಸುಗಳ ಸಾಲು. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ, ತುದಿಯಲ್ಲಿ ಸೂರ್ಯಚಂದ್ರರು. ತುರು ಕಾಯಲು ಸತ್ತವನಿರಬಹುದು, ಊರು ಕಾಯಲು ಸತ್ತವನಿರಬಹುದು, ಹೆಂಗಸರ ಮಾನ ಕಾಯಲು ಸತ್ತವನಿರಬಹುದು. ಈ ಕೊನೆಯದಕ್ಕೆ ಶಾಸನಗಳಲ್ಲಿ ‘ಪೆಣ್ಬುಯ್ಯಲ್’ ಎಂಬ ಮಾತೇ ಇದೆ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದು ಕೂಡ ಬೇಗೂರಿನ ದೇವಾಲಯದಲ್ಲಿರುವ ಒಂಬತ್ತನೆಯ ಶತಮಾನದ ಇಂಥದೊಂದು ಕಲ್ಲಿನಲ್ಲಿ.

ಹಳೆಯ ಕಲ್ಲನ್ನು ಹೊಸ ಗುಡಿಗೆ ಬಳಸಿದ್ದಕ್ಕೆ ನಮ್ಮ ನಾಡಿನ ದೊಡ್ಡ ಉದಾಹರಣೆ ಕಲಬುರಗಿ ಜಿಲ್ಲೆಯ ಸನ್ನತಿಯದು. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದು ವಿಗ್ರಹ ಒಡೆಯಿತು. ಅದರ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಅದರ ಮೇಲೆ ಅಶೋಕ ಚಕ್ರವರ್ತಿಯ ಶಾಸನ! ವಿಗ್ರಹ ನಿಲ್ಲಿಸಲು ನಡುವೆ ಕುಳಿ ಕೊರೆದಿದ್ದರಿಂದ ಕೆಲವು ಅಕ್ಷರಗಳು ಹೋಗಿದ್ದವು. ಆದರೆ ಪೀಠವಾಗಿ ಕುಳಿತದ್ದರಿಂದಲೇ ಉಳಿದ ಅಕ್ಷರಗಳು ಬಿಸಿಲು ಮಳೆಗೆ ಸವೆಯದೆ ನಮ್ಮವರೆಗೂ ಬಂದವು. ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ಅಗೆದಾಗ ಬೌದ್ಧ ಸ್ತೂಪವೇ ಸಿಕ್ಕಿತು. ಅದರ ಒಂದು ಶಿಲ್ಪದಲ್ಲಿ ಅಶೋಕನ ಚಿತ್ರ, ಮೇಲೆ ಅವನ ಹೆಸರು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಸ್ವೀಡನ್ ದೇಶಕ್ಕೆ ಸೇರಿದ ಗಾಟ್‌ಲ್ಯಾಂಡ್ ದ್ವೀಪದಲ್ಲಿ ಕ್ರೈಸ್ತಮತ ನೆಲೆಯೂರುವುದಕ್ಕೆ ಮೊದಲಿನ ಚಿತ್ರಗಲ್ಲುಗಳಿವೆ. ಆರ್ಡ್ರೆ ಎಂಬ ಊರಿನ ಚರ್ಚನ್ನು 1900ರ ಸುಮಾರಿಗೆ ದುರಸ್ತಿ ಮಾಡುವಾಗ ಮರದ ನೆಲಹಾಸನ್ನು ಕಿತ್ತರೆ, ಕೆಳಗೆ ಹಾಸಿದ್ದುದೆಲ್ಲ ಅಂಥ ಕಲ್ಲುಗಳೇ. ಈಗ ಅವು ಸ್ಟಾಕ್‌ಹೋಮ್‌ನ ವಸ್ತುಸಂಗ್ರಹಾಲಯದಲ್ಲಿವೆ. ಗಾಟ್‌ಲ್ಯಾಂಡಿನ ಈ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಚಿತ್ರವಿದೆ: ಕುದುರೆ ಏರಿ ಬಂದ ವೀರನನ್ನು ಹೆಣ್ಣೊಬ್ಬಳು ಪಾನದ ಕೊಂಬು ಹಿಡಿದು ಎದುರುಗೊಳ್ಳುತ್ತಾಳೆ. ಅದು ಸತ್ತವನ ಸ್ವರ್ಗಪ್ರವೇಶ ಎನ್ನುತ್ತಾರೆ ವಿದ್ವಾಂಸರು. ನಮ್ಮ ಅಪ್ಸರೆಯರನ್ನು ನೋಡಿದವರಿಗೆ ಆಕೆಯ ಗುರುತು ಹತ್ತುವುದು ಕಷ್ಟವಲ್ಲ. ಎರಡು ಕಡೆಯೂ ಯುದ್ಧ ಗಂಡಸಿನದು, ಸ್ವಾಗತ ಹೆಂಗಸಿನದು.

ಹೆಂಗಸಿಗೇ ನಿಲ್ಲಿಸಿದ ಕಲ್ಲು ನಮ್ಮಲ್ಲಿ ಮಾಸ್ತಿಗಲ್ಲು. ಮಹಾಸತಿ ಎಂಬುದು ಬಾಯಲ್ಲಿ ಸವೆದು ಮಾಸ್ತಿಯಾಯಿತು. ಗಂಡನ ಚಿತೆ ಏರಿದವಳ ನೆನಪಿಗೆ ಒಂದು ಕಂಬ, ಕಂಬದಿಂದ ಹೊರಟ ತೋಳು, ಎತ್ತಿದ ಅಂಗೈ, ಮೊಳಕೈವರೆಗೆ ಬಳೆ, ಕೆಲವು ಕಡೆ ಬೆರಳ ನಡುವೆ ನಿಂಬೆಹಣ್ಣು. ಅವಳ ಹೆಸರು ಮಾತ್ರ ಬಹಳ ಕಡೆ ಇಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನದಲ್ಲಿ ದೇಕಬ್ಬೆ ಎಂಬ ಹೆಸರಿದೆ. ಗಂಡ ಏಚನು ಸತ್ತ ಸುದ್ದಿ ಕೇಳಿ ಬೆಂಕಿಗೆ ಹೊರಟವಳನ್ನು ಹೆತ್ತವರು ತಡೆದದ್ದೂ ಇದೆ. ಮಗಳನ್ನು ಕಳೆದುಕೊಳ್ಳಲಾರದ ತಾಯಿತಂದೆಯರ ದನಿ ಕಲ್ಲಿನಲ್ಲಿ ಉಳಿದದ್ದು ಅಪರೂಪ. ಹೆಸರಿಲ್ಲದವರನ್ನು ಯಾರು ತಡೆದರು, ಯಾರು ನೂಕಿದರು, ಕಲ್ಲು ಹೇಳುವುದಿಲ್ಲ.

ನಮ್ಮ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಹುಡುಕಿಸಿ, ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಅಚ್ಚು ಹಾಕಿಸಿದರು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯನ 1368ರ ಶಾಸನ ಸೇರಿ, ಅಕ್ಷರವಿದ್ದ ನೂರಾರು ಕಲ್ಲುಗಳಿಗೆ ಆ ಪುಸ್ತಕದಲ್ಲಿ ನಂಬರು ಸಿಕ್ಕಿತು, ಎಲ್ಲಿದೆ ಎಂಬ ವಿವರ ಸಿಕ್ಕಿತು. ಬರೀ ಚಿತ್ರವಿದ್ದ ಕಲ್ಲಿಗೆ ಶಾಸನಸಂಪುಟದಲ್ಲಿ ಜಾಗವಿರಲಿಲ್ಲ. ಮಾಸ್ತಿಗಲ್ಲುಗಳಲ್ಲಿ ಹೆಚ್ಚಿನವು ಇಂಥವು. ಅಂದರೆ ಹೆಣ್ಣಿನ ಕಲ್ಲು ಎರಡು ಸಲ ಲೆಕ್ಕ ತಪ್ಪಿತು: ಕೆತ್ತಿಸಿದವರು ಹೆಸರು ಬರೆಸಲಿಲ್ಲ, ಹೆಸರಿಲ್ಲವೆಂದು ಪಟ್ಟಿಗೆ ಸೇರಲಿಲ್ಲ.

ಇತಿಹಾಸದ ಪಾಠದ ಜೊತೆಗೆ, ಊರಿನಲ್ಲಿರುವ ಕೆತ್ತನೆಯ ಕಲ್ಲುಗಳನ್ನು ಬರೆದುಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳುವುದು ನನ್ನ ರೂಢಿ. ಒಂದು ವರ್ಷ ಏಳನೆಯ ತರಗತಿಯ ಹುಡುಗಿ, “ಮಿಸ್, ನಮ್ಮವ್ವ ಬಟ್ಟೆ ಒಗೆಯೋ ಕಲ್ಲಿನ ಅಡೀಲಿ ಒಂದು ಕೈ ಐತೆ, ಬಳೆನೂ ಐತೆ” ಎಂದಳು. ಹೋಗಿ ನೋಡಿದೆ, ನಿಜ. ಯಾರು ಹೀಗೆ ಹಾಕಿದರು ಎಂದು ಕೇಳಿದ್ದಕ್ಕೆ ಆ ಮನೆಯ ಅಜ್ಜಿ, “ನಮ್ಮತ್ತೆ ಕಾಲದ್ದು ಕಣವ್ವ. ಆಯಮ್ಮನ ಮೇಲೆ ಕೊಳೆನೀರು ಬೀಳಬಾರದು ಅಂತ ಮಕಾಡೆ ಹಾಕವ್ರೆ” ಎಂದರು. ಬಳಸುವುದಕ್ಕೂ ಅವಮಾನ ಮಾಡುವುದಕ್ಕೂ ಇರುವ ವ್ಯತ್ಯಾಸ ಆಕೆಯ ಅತ್ತೆಗೆ ಗೊತ್ತಿತ್ತು.

ಈಗ ಆ ವ್ಯತ್ಯಾಸ ಅಳಿಯುತ್ತಿದೆ. ಹಿಂದಿನವರ ಮರುಬಳಕೆಯಲ್ಲಿ ಕಲ್ಲು ಊರಿನಲ್ಲೇ ಉಳಿಯುತ್ತಿತ್ತು. ಈಗಿನ ಜೀರ್ಣೋದ್ಧಾರದಲ್ಲಿ ಊರನ್ನೇ ಬಿಡುತ್ತದೆ. ನಮ್ಮ ಹತ್ತಿರದ ಹಳ್ಳಿಯೊಂದರಲ್ಲಿ ಗುಡಿಗೆ ಹೊಳೆಯುವ ಗ್ರಾನೈಟ್ ಹಾಕಿಸಿದಾಗ ಹಳೆಯ ಹೊಸ್ತಿಲು, ಮೆಟ್ಟಿಲು ಎಲ್ಲ ಟ್ರ್ಯಾಕ್ಟರಿಗೆ ಏರಿ ಯಾವುದೋ ಪಾಯದ ಗುಂಡಿಗೆ ಬಿದ್ದವು. ಕಟ್ಟಿಸಿದವರು ಕೆಟ್ಟವರಲ್ಲ, ಭಕ್ತರೇ. ವೀರಗಲ್ಲಿನ ಕೆಳಗೆ ನಿಧಿಯಿದೆಯೆಂದು ರಾತ್ರಿ ಹೊತ್ತು ಅಗೆದು ಒಡೆಯುವವರು ಬೇರೆ.

ಸತಿಯ ಕಲ್ಲನ್ನು ಕಾಪಾಡುವುದೆಂದರೆ ಸತಿಪದ್ಧತಿಯನ್ನು ಹೊಗಳಿದಂತಲ್ಲವೇ ಎಂದು ಕೇಳುವವರಿದ್ದಾರೆ. ಹಾಗೆ ಹೊಗಳುವುದನ್ನು 1987ರ ಕಾನೂನು ನಿಷೇಧಿಸಿದೆ, ಅದು ಸರಿಯೇ. ಆದರೆ ಈ ಕಲ್ಲು ಹೋದರೆ ಹೋಗುವುದು ಪದ್ಧತಿಯ ಹೊಗಳಿಕೆಯಲ್ಲ, ನಮ್ಮ ನೆರೆಯಲ್ಲೇ ಹೀಗೆ ನಡೆದಿತ್ತು ಎಂಬುದಕ್ಕೆ ಇರುವ ಸಾಕ್ಷಿ. ಆ ಹೆಣ್ಣುಮಗಳಿಗೆ ಉಳಿದಿರುವುದು ಅದೊಂದೇ.

ಮಾಡಬೇಕಾದದ್ದು ದೊಡ್ಡದೇನಲ್ಲ. ಜೀರ್ಣೋದ್ಧಾರಕ್ಕೆ ಚಂದಾ ಕೇಳಲು ಬಂದವರನ್ನು, “ಹಳೇ ಕಲ್ಲುಗಳನ್ನು ಎಲ್ಲಿಡುತ್ತೀರಿ?” ಎಂದು ಕೇಳಿ. ಗುಡಿಯ ಅಂಗಳದಲ್ಲೇ ಗೋಡೆಗೆ ಒರಗಿಸಿ ಇಡಿಸಿ. ಒಂದು ಫೋಟೋ ತೆಗೆದು, ಊರು, ಜಾಗ, ಎತ್ತರ ಬರೆದು ಪುರಾತತ್ವ ಇಲಾಖೆಗೆ ಕಳಿಸಿ. ಕಲ್ಲನ್ನು ಮಗುಚುವ ಮೊದಲು ಅದರ ಅಡಿಯನ್ನೂ ಒಮ್ಮೆ ನೋಡಿ. ಬಳೆ ತೊಟ್ಟ ಕೈಯೊಂದು ಅಲ್ಲಿರಬಹುದು.