ಬೈಲಕುಪ್ಪೆಯ ಬಟ್ಟಲಲ್ಲಿ ವಲಸೆಯ ರುಚಿ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಪಿರಿಯಾಪಟ್ಟಣವನ್ನು ದಾಟಿ, ಕಾವೇರಿ ಸೇತುವೆ ಸಿಗುವ ಮೊದಲೇ ಕೊಪ್ಪದ ಬಳಿ ಎಡಕ್ಕೆ ತಿರುಗಿದರೆ ಬೈಲಕುಪ್ಪೆಯ ಟಿಬೆಟನ್ ಶಿಬಿರಗಳು ಎದುರಾಗುತ್ತವೆ. ನಾಮ್‌ಡ್ರೋಲಿಂಗ್ ವಿಹಾರದ ಹೊಂಬಣ್ಣದ ಮೂರ್ತಿಗಳನ್ನು ನೋಡಿ ಹೊರಬಂದ ಪ್ರವಾಸಿಗಳು ಸುತ್ತಮುತ್ತಲ ಪುಟ್ಟ ಹೋಟೆಲುಗಳಲ್ಲಿ ಕೂರುತ್ತಾರೆ. ಬಾಗಿಲ ಮೇಲೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು, ಗೋಡೆಯ ಮೇಲೆ ಲಾಸಾದ ಪೊಟಾಲ ಅರಮನೆಯ ಚಿತ್ರ, ಮೇಜಿನ ಮೇಲೆ ಹಬೆಯಾಡುವ ಮೊಮೊ ಮತ್ತು ತುಕ್ಪ. ಟಿಕೆಟ್ಟಿಲ್ಲದೆ ಪರದೇಶಕ್ಕೆ ಹೋಗಿ ಬಂದ ಸಂತೋಷ ಅವರದು. ಆದರೆ ಈ ಚೆಂದದ ಊಟದ ಹಿಂದೆ ಇರುವುದು ಮನೆ ಕಳೆದುಕೊಂಡವರ ಇತಿಹಾಸ.

ಊರೂರುಗಳಲ್ಲಿ ಪ್ರವಾಸಿಗಳ ಕಣ್ಣಿಗೆ ರಮ್ಯವಾಗಿ ಕಾಣುವ ಊಟದ ಮನೆಗಳ ಮೂಲವನ್ನು ಹುಡುಕಿದರೆ ಅನೇಕ ಕಡೆ ಸಿಗುವುದು ವಲಸೆಯೇ. ಪ್ಯಾರಿಸ್ಸಿನ 'ಬಿಸ್ತ್ರೋ' ಎಂಬ ಸಣ್ಣ ಹೋಟೆಲು ಇಂದು ಜಗತ್ಪ್ರಸಿದ್ಧ. 1814ರಲ್ಲಿ ಆ ನಗರವನ್ನು ಹೊಕ್ಕ ರಷ್ಯದ ಸೈನಿಕರು 'ಬೇಗ, ಬೇಗ' ಎಂದು ತಮ್ಮ ಭಾಷೆಯಲ್ಲಿ ಕೂಗಿದ್ದರಿಂದ ಆ ಹೆಸರು ಬಂತೆಂಬ ಕಥೆ ಜನಪ್ರಿಯವಾಗಿದೆ. ಆದರೆ ಆ ಪದ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ಹೀಗಾಗಿ ಭಾಷಾ ವಿದ್ವಾಂಸರು ಈ ಕಥೆಯನ್ನು ಒಪ್ಪುವುದಿಲ್ಲ. ಕಥೆಗಿಂತ ಗಟ್ಟಿಯಾದ ಸಂಗತಿ ಬೇರೆಯಿದೆ. ಮಧ್ಯ ಫ್ರಾನ್ಸಿನ ಬಡ ಗುಡ್ಡಗಾಡು ಪ್ರದೇಶದಿಂದ ಹೊಟ್ಟೆಪಾಡಿಗಾಗಿ ಪ್ಯಾರಿಸ್ಸಿಗೆ ಬಂದವರು ಸೌದೆ, ಕಲ್ಲಿದ್ದಲು ಮಾರುವ ಅಂಗಡಿಯಲ್ಲೇ ವೈನನ್ನೂ ಮಾರತೊಡಗಿದರು. ಅಂಥ ಎಷ್ಟೋ ಅಂಗಡಿಗಳು ಮುಂದೆ ಕಾಫಿ ಮತ್ತು ಊಟದ ಮನೆಗಳಾದವು.

ಕನ್ನಡಿಗರಿಗೆ ಇದು ಹೊಸ ಮಾತೇನಲ್ಲ. ಕರಾವಳಿ ಬಿಟ್ಟು ಮದರಾಸು, ಮುಂಬಯಿ ಸೇರಿದವರಿಂದಲೇ 'ಉಡುಪಿ ಹೋಟೆಲು' ದೇಶದ ತುಂಬ ಮನೆಮಾತಾಯಿತು. ವ್ಯತ್ಯಾಸ ಇಷ್ಟೇ: ಉಡುಪಿಯವರು ಬೇಕೆಂದಾಗ ಊರಿಗೆ ಮರಳಬಹುದಿತ್ತು. ಬೈಲಕುಪ್ಪೆಯವರಿಗೆ ಆ ದಾರಿ ಇರಲಿಲ್ಲ.

1959ರ ಮಾರ್ಚ್‌ನಲ್ಲಿ ದಲಾಯಿ ಲಾಮಾ ಲಾಸಾವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಹಿಮಾಲಯ ದಾಟಿದರು. ನಿರಾಶ್ರಿತರಿಗೆ ನೆಲೆ ಒದಗಿಸುವಂತೆ ಪ್ರಧಾನಿ ನೆಹರೂ ರಾಜ್ಯಗಳನ್ನು ಕೋರಿದಾಗ ಅಂದಿನ ಮೈಸೂರು ರಾಜ್ಯ ಮುಂದೆ ಬಂದು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿದಾಗ ಅಲ್ಲಿದ್ದುದು ಕಾಡು. ಡೇರೆಗಳಲ್ಲೂ ಬಿದಿರಿನ ಗುಡಿಸಲುಗಳಲ್ಲೂ ಇದ್ದುಕೊಂಡು ಮರ ಕಡಿದು ನೆಲ ಹದ ಮಾಡಬೇಕಾಯಿತು. ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದ ಲಾಸಾದಂಥ ಶೀತಲ ಪ್ರದೇಶಗಳಿಂದ ಬಂದವರಿಗೆ ಇಲ್ಲಿನ ಬಿಸಿಲು ಮತ್ತು ಕಾಯಿಲೆಗಳು ಆನೆಗಳಷ್ಟೇ ಭಯಂಕರವಾಗಿದ್ದವು. ಅನೇಕರು ಆ ಮೊದಲ ವರ್ಷಗಳಲ್ಲೇ ತೀರಿಕೊಂಡರು.

ಟಿಬೆಟನ್ನರ ನಿತ್ಯದ ಆಹಾರ 'ತ್ಸಂಪಾ'. ಹುರಿದ ಬಾರ್ಲಿಯ ಹಿಟ್ಟನ್ನು ಉಪ್ಪು, ಬೆಣ್ಣೆ ಬೆರೆಸಿ ಕಡೆದ ಚಹಾದಲ್ಲಿ ಕಲಸಿ, ಕೈಯಲ್ಲೇ ಉಂಡೆ ಕಟ್ಟಿ ತಿನ್ನುವುದು. ಹಳೆ ಮೈಸೂರಿನವರ ರಾಗಿ ಹುರಿಹಿಟ್ಟಿಗೆ ಇದು ತೀರ ದೂರದ್ದಲ್ಲ. ಎರಡೂ ಕೆಡದೆ ಉಳಿಯುತ್ತವೆ. ದಾರಿಯಲ್ಲಿ ಒಲೆ ಹಚ್ಚದೆ ಹೊಟ್ಟೆ ತುಂಬಿಸುತ್ತವೆ. ಆದರೆ ಬೈಲಕುಪ್ಪೆ ಬಾರ್ಲಿ ಬೆಳೆಯುವ ನೆಲವಾಗಿರಲಿಲ್ಲ, ಚಮರೀಮೃಗ ಬದುಕುವ ಹವೆಯೂ ಅಲ್ಲಿರಲಿಲ್ಲ. ನೆಲಕ್ಕೆ ಒಗ್ಗಿದ್ದು ಮುಸುಕಿನ ಜೋಳ. ಅದೇ ಶಿಬಿರಗಳ ಮುಖ್ಯ ಬೆಳೆಯಾಯಿತು. ಬೇಸಾಯದ ಆದಾಯ ಸಾಲದಾದಾಗ ಚಳಿಗಾಲದಲ್ಲಿ ಊರೂರು ಸುತ್ತಿ ಸ್ವೆಟರ್ ಮಾರಿದರು. ಹೋಟೆಲು ಈ ಸಾಲಿನಲ್ಲಿ ಕಡೆಗೆ ಬಂದದ್ದು.

ಹೋಟೆಲುಗಳಿಗೆ ಗಿರಾಕಿಗಳನ್ನು ತಂದದ್ದು ವಿಹಾರ. ಪೆನೊರ್ ರಿನ್‌ಪೊಚೆ 1963ರಲ್ಲಿ ನಾಮ್‌ಡ್ರೋಲಿಂಗನ್ನು ಆರಂಭಿಸಿದಾಗ ಅದು ಬಿದಿರಿನ ಕಟ್ಟಡ. 1999ರಲ್ಲಿ ಅಲ್ಲಿನ ದೊಡ್ಡ ಮಂದಿರ ಸಿದ್ಧವಾಯಿತು. ಜನ ಅದನ್ನು 'ಗೋಲ್ಡನ್ ಟೆಂಪಲ್' ಎಂದು ಕರೆದರು. ಕೊಡಗಿಗೆ ಹೊರಟವರಿಗೆ ಅದೊಂದು ತಪ್ಪದ ನಿಲುಗಡೆಯಾಯಿತು. ಸಾಮಾನ್ಯ ಪ್ರವಾಸಿ ಒಂದೆರಡು ಗಂಟೆಯಲ್ಲಿ ಹೊರಟುಬಿಡುತ್ತಾನೆ. ವಿದೇಶೀಯರಂತೂ ಶಿಬಿರದಲ್ಲಿ ತಂಗಬೇಕಾದರೆ ಸರ್ಕಾರದ ವಿಶೇಷ ಅನುಮತಿ ಪಡೆಯಬೇಕು. ಆ ಒಂದೆರಡು ಗಂಟೆಯ ಪರಿಚಯದಲ್ಲಿ ದೊಡ್ಡ ಪಾಲು ಊಟದ್ದೇ.

ಊಟ ಬಡಿಸುವವರು ಬಂದವರ ನಾಲಗೆಯನ್ನೂ ನೋಡಬೇಕಾಗುತ್ತದೆ. ಮಾಂಸ ತುಂಬುತ್ತಿದ್ದ ಮೊಮೊದೊಳಗೆ ಕೋಸು, ಕ್ಯಾರೆಟ್, ಪನೀರ್ ಸೇರಿದವು. ನಮ್ಮ ಕಡುಬಿನಂತೆ ಹಬೆಯಲ್ಲಿ ಬೇಯುವ ಈ ತಿನಿಸು ಸಸ್ಯಾಹಾರಿಗಳಿಗೂ ಹಿಡಿಸಿತು. ಬಿಸಿ ಸಾರಿನಲ್ಲಿ ನೂಡಲ್ಸ್ ಹಾಕಿದ ತುಕ್ಪ, ಮಾಂಸ ತುಂಬಿ ಕರಿದ ಶಾಫಲೆ, ಹಬೆಯ ರೊಟ್ಟಿ ತಿಂಗ್ಮೊ ಪಟ್ಟಿಯಲ್ಲಿ ನಿಂತವು. ಹಿರಿಯರ ಜೀವಾಳವಾಗಿದ್ದ ತ್ಸಂಪಾವನ್ನು ಕೇಳುವ ಪ್ರವಾಸಿಗಳು ವಿರಳ. ಉಪ್ಪಿನ ಚಹಾ ಕುತೂಹಲಕ್ಕೆ ಒಂದು ಗುಟುಕು. ಬಳಿಕ ಸಕ್ಕರೆ ಚಹಾವೇ ಆಗಬೇಕು.

ಪಟ್ಟಿಯಲ್ಲಿ ಸುಲಭವಾಗಿ ಸಿಗದ ಅಡುಗೆಗಳು ಮನೆಗಳಲ್ಲಿ ಉಳಿದಿವೆ. 'ಲೋಸರ್' ಎಂಬ ಹೊಸ ವರ್ಷಕ್ಕೆ ಮುಂಚೆ, ಹಳೆ ವರ್ಷದ ಕೊನೆಯ ತಿಂಗಳ 29ನೆಯ ರಾತ್ರಿ 'ಗುತುಕ್' ಎಂಬ ಒಂಬತ್ತು ಬಗೆಯ ಪದಾರ್ಥಗಳ ಸಾರನ್ನು ಕುದಿಸುತ್ತಾರೆ. ಅದರಲ್ಲಿನ ದೊಡ್ಡ ಹಿಟ್ಟಿನುಂಡೆಗಳೊಳಗೆ ಮೆಣಸಿನಕಾಯಿ, ಉಣ್ಣೆ, ಇದ್ದಿಲು ಮುಂತಾದವನ್ನು ಅಡಗಿಸಿರುತ್ತಾರೆ. ಮೆಣಸಿನಕಾಯಿ ಸಿಕ್ಕವರು ವಾಚಾಳಿ, ಇದ್ದಿಲು ಸಿಕ್ಕವರು ಕಪ್ಪು ಮನಸ್ಸಿನವರು ಎಂದು ನಗೆಯಾಡುತ್ತಾರೆ. ಇದು ಗಿರಾಕಿಗೆ ಬಡಿಸುವ ಊಟವಲ್ಲ, ಕುಟುಂಬ ಒಟ್ಟಿಗೆ ಕೂತರೆ ಮಾತ್ರ ನಡೆಯುವ ಊಟ.

ಈಗ ಕಷ್ಟ ಬಂದಿರುವುದು ಆ ಒಟ್ಟಿಗೆ ಕೂರುವುದಕ್ಕೇ. 2009ರ ಸಮೀಕ್ಷೆಯಲ್ಲಿ ಭಾರತದಲ್ಲಿದ್ದ ಟಿಬೆಟನ್ನರು ಸುಮಾರು 94,000. ಆ ಬಳಿಕ ಸಂಖ್ಯೆ ಇಳಿಯುತ್ತ ಬಂದಿದೆ. ಓದು, ಉದ್ಯೋಗಗಳಿಗಾಗಿ ಯುವಕರು ಅಮೆರಿಕ, ಕೆನಡಾ, ಯೂರೋಪುಗಳ ಕಡೆಗೆ ಹೊರಟಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ಹುಟ್ಟಿದ್ದು ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳ ಶಿಬಿರಗಳಲ್ಲೇ. ಅವರು ಬಿಟ್ಟುಹೋಗುತ್ತಿರುವ ಊರು ಟಿಬೆಟ್ ಅಲ್ಲ, ಬೈಲಕುಪ್ಪೆ.

ಹೋಟೆಲುಗಳ ಮೊಮೊ ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ. ಅದು ಈಗ ಬೆಂಗಳೂರಿನ ಬೀದಿಬದಿಯಲ್ಲೂ ಬೇಯುತ್ತಿದೆ. ತಿನಿಸು ಉಳಿಯಲು ಗಿರಾಕಿ ಸಾಕು. ಅದರ ಹಿಂದಿನ ನೆನಪು ಉಳಿಯಲು ಮನೆಯ ಒಲೆ ಬೇಕು, ಸುತ್ತ ಕೂರುವ ಮಕ್ಕಳು ಬೇಕು. ಕಾಡು ಕಡಿದು ಜೋಳ ಬಿತ್ತಿದ ತಲೆಮಾರಿನವರು ವಿರಳವಾಗುತ್ತಿರುವ ಈ ಹೊತ್ತಿನಲ್ಲಿ, ಅಲ್ಲಿ ಉಣ್ಣಲು ಕೂತವರು ಈ ಊಟ ಎಲ್ಲಿಂದ ಬಂತೆಂದು ಕೇಳಿ ತಿಳಿದರೆ ಬೆಲೆ ಕೊಟ್ಟು ತಿಂದದ್ದಕ್ಕಿಂತ ಹೆಚ್ಚಿನದು ದಕ್ಕೀತು.