ಮನೆಯ ಹಳೆಯ ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯ ಉನ್ನತೀಕರಣ: ಅರ್ಜಿದಾರರಿಗೆ ಮಾಹಿತಿ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಅನೇಕ ನಾಗರಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, 371(ಜೆ) ಅರ್ಹತಾ ಪ್ರಮಾಣಪತ್ರ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಮನೆಯ ಗಣಕಯಂತ್ರದಿಂದಲೇ ಅರ್ಜಿ ಸಲ್ಲಿಸುತ್ತಾರೆ. ಯಂತ್ರವು ಹಳೆಯದಾಗಿದ್ದಲ್ಲಿ ಜಾಲತಾಣ ತೆರೆಯದಿರುವುದು, ದಾಖಲೆ ಅಪ್‌ಲೋಡ್ ಆಗದಿರುವುದು ಮುಂತಾದ ತೊಂದರೆಗಳು ಉಂಟಾಗುತ್ತವೆ. ಇಂತಹ ಯಂತ್ರವನ್ನು ಸುರಕ್ಷಿತವಾಗಿ ಉನ್ನತೀಕರಿಸುವ ಕ್ರಮವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಕೆಳಗೆ ವಿವರಿಸಲಾಗಿದೆ.

1. ಉನ್ನತೀಕರಣ ಏಕೆ ಅವಶ್ಯ

ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್, ಗಣಕಯಂತ್ರದ ಎಲ್ಲ ಕೆಲಸಗಳಿಗೂ ಆಧಾರವಾಗಿರುವ ತಂತ್ರಾಂಶ. ತಯಾರಕರು ನಿಗದಿತ ಅವಧಿಯವರೆಗೆ ಮಾತ್ರ ಅದರ ಭದ್ರತಾ ದೋಷಗಳನ್ನು ಸರಿಪಡಿಸುತ್ತಾರೆ. ಮೈಕ್ರೋಸಾಫ್ಟ್ ಸಂಸ್ಥೆಯ ವ್ಯವಸ್ಥೆಗಳಿಗೆ ಸಾಮಾನ್ಯ ಬೆಂಬಲವು ಮುಕ್ತಾಯಗೊಂಡ ದಿನಾಂಕಗಳು ಹೀಗಿವೆ:

ವಿಂಡೋಸ್ ಎಕ್ಸ್‌ಪಿ: 8 ಏಪ್ರಿಲ್ 2014
ವಿಂಡೋಸ್ 7: 14 ಜನವರಿ 2020
ವಿಂಡೋಸ್ 8.1: 10 ಜನವರಿ 2023
ವಿಂಡೋಸ್ 10: 14 ಅಕ್ಟೋಬರ್ 2025

ಬೆಂಬಲ ಮುಗಿದ ಮಾತ್ರಕ್ಕೆ ಯಂತ್ರ ನಿಂತುಹೋಗುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ಪರಿಹಾರ ದೊರೆಯುವುದಿಲ್ಲ. ಕ್ರಮೇಣ ಬ್ರೌಸರ್‌ಗಳೂ ಹಿಂದೆ ಸರಿಯುತ್ತವೆ. ಉದಾಹರಣೆಗೆ, ವಿಂಡೋಸ್ 7 ಮತ್ತು 8.1ರಲ್ಲಿ ನಡೆಯುವ ಕೊನೆಯ ಗೂಗಲ್ ಕ್ರೋಮ್ ಆವೃತ್ತಿ 109. 2023ರ ಫೆಬ್ರವರಿಯಲ್ಲಿ ಬಂದ 110ನೇ ಆವೃತ್ತಿಯಿಂದ ಮುಂದಿನವು ಆ ಯಂತ್ರಗಳಲ್ಲಿ ನಡೆಯುವುದಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ನಮೂದಿಸುವ ಯಂತ್ರವು ಹೀಗೆ ಅರಕ್ಷಿತವಾಗಿರುವುದು ಅಪೇಕ್ಷಣೀಯವಲ್ಲ.

2. ಮೊದಲು ಪರಿಶೀಲಿಸಬೇಕಾದ ಅಂಶಗಳು

(ಅ) ಗಣಕಯಂತ್ರದ ದಿನಾಂಕ ಮತ್ತು ವೇಳೆ ಸರಿಯಾಗಿವೆಯೇ ನೋಡಿರಿ. ಹಳೆಯ ಯಂತ್ರಗಳ ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಕ್ಷೀಣಿಸಿದಾಗ, ವಿದ್ಯುತ್ ತೆಗೆದ ಪ್ರತಿ ಸಲವೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಬ್ರೌಸರ್ ಜಾಲತಾಣದ ಭದ್ರತಾ ಪ್ರಮಾಣಪತ್ರವನ್ನು ಒಪ್ಪದೆ, ಸುಸ್ಥಿತಿಯಲ್ಲಿರುವ ತಾಣವನ್ನೂ ತೆರೆಯದು. ಇದೊಂದೇ ದೋಷವಾಗಿದ್ದಲ್ಲಿ ಬ್ಯಾಟರಿ ಬದಲಾಯಿಸಿದರೆ ಸಾಕಾಗುತ್ತದೆ.

(ಆ) ಯಾವ ಆವೃತ್ತಿ ಇದೆ ಎಂಬುದನ್ನು ತಿಳಿದುಕೊಳ್ಳಿರಿ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬ ಕ್ರಮದಲ್ಲಿ ತೆರೆದರೆ ಆವೃತ್ತಿ, ರ‍್ಯಾಮ್ ಪ್ರಮಾಣ, 32 ಬಿಟ್ ಅಥವಾ 64 ಬಿಟ್ ಎಂಬ ವಿವರಗಳು ಕಾಣುತ್ತವೆ. ವಿಂಡೋಸ್ 7ರಲ್ಲಿ ಕಂಪ್ಯೂಟರ್ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ಆಯ್ಕೆ ಮಾಡತಕ್ಕದ್ದು.

3. ಕಾಲವನ್ನು ಆರಿಸಿಕೊಳ್ಳುವುದು

ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ಉನ್ನತೀಕರಣವನ್ನು ಮುಂದೂಡುವುದು ಕ್ಷೇಮ. ಅರ್ಜಿದಾರರ ಯಂತ್ರ ಕೆಟ್ಟಿತ್ತು ಎಂಬ ಕಾರಣಕ್ಕೆ ಕೊನೆಯ ದಿನಾಂಕವನ್ನು ಸಾಮಾನ್ಯವಾಗಿ ವಿಸ್ತರಿಸಲಾಗುವುದಿಲ್ಲ. ಅಂತಹ ಸಂದರ್ಭದಲ್ಲಿ ಸಮೀಪದ ಗ್ರಾಮ ಒನ್ ಕೇಂದ್ರ ಅಥವಾ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ, ಸ್ವೀಕೃತಿ ಸಂಖ್ಯೆ ಪಡೆದ ನಂತರ ಯಂತ್ರದ ಕೆಲಸವನ್ನು ಕೈಗೆತ್ತಿಕೊಳ್ಳಬಹುದು.

4. ಕಡತಗಳ ಪ್ರತಿ ತೆಗೆದಿಡುವುದು

ಉನ್ನತೀಕರಣದಲ್ಲಿ ಆಗುವ ನಷ್ಟಗಳಲ್ಲಿ ಸರಿಪಡಿಸಲಾಗದ್ದು ಕಡತಗಳ ನಷ್ಟ. ಯಂತ್ರವನ್ನು ಮತ್ತೆ ಕೊಳ್ಳಬಹುದು. ತೀರಿಕೊಂಡ ತಂದೆಯ ಭಾವಚಿತ್ರವನ್ನಾಗಲಿ, ಅಂಗಡಿಯ ಐದು ವರ್ಷದ ಲೆಕ್ಕವನ್ನಾಗಲಿ ಮತ್ತೆ ಕೊಳ್ಳಲಾಗದು. ಆದ್ದರಿಂದ ಕೆಳಕಂಡವುಗಳನ್ನು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವ್‌ಗೆ ನಕಲು ಮಾಡತಕ್ಕದ್ದು:

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು.
ಟ್ಯಾಲಿ ಬಳಸುವವರು ಅದರ ಬ್ಯಾಕಪ್ ಸೌಲಭ್ಯದಿಂದ ತೆಗೆದ ದತ್ತಾಂಶ.
ಬ್ರೌಸರ್‌ನಲ್ಲಿ ಉಳಿಸಿದ ಗುಪ್ತಪದಗಳು ಮತ್ತು ತಾಣಗಳ ಪಟ್ಟಿ.
ಯಂತ್ರದಲ್ಲಿಯೇ ಇರಿಸಿದ ಡಿಜಿಟಲ್ ಸಹಿ ಪ್ರಮಾಣಪತ್ರ. ಇದನ್ನು ಅದರ ಖಾಸಗಿ ಕೀಲಿಯೊಂದಿಗೆ ರಫ್ತು ಮಾಡದೆ ಡಿಸ್ಕ್ ಅಳಿಸಿದಲ್ಲಿ ಹೊಸ ಪ್ರಮಾಣಪತ್ರವನ್ನೇ ಪಡೆಯಬೇಕಾಗುತ್ತದೆ.

ನಕಲು ಮಾಡಿದ್ದೇ ಸಾಕೆಂದು ಭಾವಿಸದೆ, ಮತ್ತೊಂದು ಯಂತ್ರದಲ್ಲಿ ಕೆಲವು ಕಡತಗಳನ್ನು ತೆರೆದು ನೋಡಬೇಕು. ನಗದು ಪುಸ್ತಕದ ಶಿಲ್ಕನ್ನು ಎಣಿಸಿ ತಾಳೆ ನೋಡುವಂತೆಯೇ ಇದೂ ಕಡ್ಡಾಯ.

5. ಹಳೆಯ ಕನ್ನಡ ಕಡತಗಳ ಬಗ್ಗೆ ವಿಶೇಷ ಎಚ್ಚರಿಕೆ

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಮನವಿ, ಕರಾರು ಪತ್ರಗಳು ಯೂನಿಕೋಡ್ ಶಿಷ್ಟತೆಯಲ್ಲಿರುವುದಿಲ್ಲ. ಹೊಸ ವ್ಯವಸ್ಥೆಯಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಕಡತ ಹಾಳಾಗಿದೆಯೆಂದು ತಿಳಿದು ಅಳಿಸಿಬಿಡುವ ಅಪಾಯವಿದೆ. ಇದನ್ನು ತಪ್ಪಿಸಲು ಹಳೆಯ ಯಂತ್ರ ನಡೆಯುತ್ತಿರುವಾಗಲೇ ಅಂತಹ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಾಯಿಸಿ, ಮುಖ್ಯವಾದವುಗಳ ಪಿಡಿಎಫ್ ಪ್ರತಿಯನ್ನೂ ತೆಗೆದಿಡಬೇಕು. ಅಕ್ಷರಶೈಲಿಗಳ ಕಡತಗಳನ್ನು ಸಹ ನಕಲು ಮಾಡಿಕೊಳ್ಳುವುದು ಒಳ್ಳೆಯದು. ಈ ಭಾಗದಲ್ಲಿ ಮರಾಠಿ ದಾಖಲೆಗಳನ್ನು ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿಕೊಂಡವರಿಗೂ ಇದೇ ಸೂಚನೆ ಅನ್ವಯಿಸುತ್ತದೆ.

ಹೊಸ ವ್ಯವಸ್ಥೆಯಲ್ಲಿ ಕನ್ನಡ ಬರೆಯಲು ತೊಂದರೆಯಿಲ್ಲ. ವಿಂಡೋಸ್ 8ರಿಂದೀಚೆಗೆ ನಿರ್ಮಲಾ ಯು.ಐ. ಅಕ್ಷರಶೈಲಿ ಅಂತರ್ಗತವಾಗಿದೆ. 2019ರ ಮೇ ತಿಂಗಳ ವಿಂಡೋಸ್ 10 ಆವೃತ್ತಿಯಿಂದ ಧ್ವನ್ಯಾತ್ಮಕ ಕನ್ನಡ ಕೀಲಿಮಣೆಯೂ ಸೇರಿದೆ. ಲಿನಕ್ಸ್‌ನಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕ.ಗ.ಪ. ಕೀಲಿಮಣೆ ದೊರೆಯುತ್ತದೆ.

6. ಲಭ್ಯವಿರುವ ಮಾರ್ಗಗಳು

(ಅ) ವಿಂಡೋಸ್ 11: ಇದಕ್ಕೆ 64 ಬಿಟ್ ಪ್ರೊಸೆಸರ್, ಕನಿಷ್ಠ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹ, ಸೆಕ್ಯೂರ್ ಬೂಟ್ ಸೌಲಭ್ಯ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಮತ್ತು ನಂತರದವುಗಳಿಗೆ ಮಾತ್ರ ಅನುಮತಿಯಿದೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶದಿಂದ ಅರ್ಹತೆ ತಿಳಿಯಬಹುದು. ಅರ್ಹ ಯಂತ್ರದಲ್ಲಿ ವಿಂಡೋಸ್ 10ರಿಂದ 11ಕ್ಕೆ ಶುಲ್ಕವಿಲ್ಲದೆ ಹೋಗಬಹುದು, ಕಡತಗಳು ಉಳಿಯುತ್ತವೆ. ಹೊಂದಾಣಿಕೆಯಾಗದಿದ್ದಲ್ಲಿ 10 ದಿನಗಳೊಳಗೆ ಹಿಂದಿನ ವ್ಯವಸ್ಥೆಗೆ ಮರಳಲು ಅವಕಾಶವಿದೆ. 32 ಬಿಟ್ ವ್ಯವಸ್ಥೆಯಿಂದ ನೇರ ಉನ್ನತೀಕರಣ ಸಾಧ್ಯವಿಲ್ಲ, ಹೊಸದಾಗಿಯೇ ಸ್ಥಾಪಿಸಬೇಕು.

(ಆ) ವಿಂಡೋಸ್ 10ರ ವಿಸ್ತೃತ ಭದ್ರತಾ ಸೌಲಭ್ಯ: ವಿಂಡೋಸ್ 11ಕ್ಕೆ ಅರ್ಹವಲ್ಲದ ಗೃಹಬಳಕೆಯ ಯಂತ್ರಗಳಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆ ನೀಡುವುದಾಗಿ ಪ್ರಕಟಿಸಿತು. ಇದಕ್ಕೆ 22ಎಚ್2 ಆವೃತ್ತಿ ಮತ್ತು ಮೈಕ್ರೋಸಾಫ್ಟ್ ಖಾತೆ ಇರಬೇಕು. ಇದು ಕಾಲಾವಕಾಶವೇ ಹೊರತು ಶಾಶ್ವತ ಪರಿಹಾರವಲ್ಲ.

(ಇ) ಲಿನಕ್ಸ್: ಲಿನಕ್ಸ್ ಮಿಂಟ್, ಉಬುಂಟು ಹಾಗೂ ಸಿ-ಡ್ಯಾಕ್ ಸಂಸ್ಥೆ ಅಭಿವೃದ್ಧಿಪಡಿಸಿದ ಬಾಸ್ ಲಿನಕ್ಸ್ ಉಚಿತವಾಗಿ ಲಭ್ಯ. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿ.ಬಿ. ರ‍್ಯಾಮ್ ಸಾಕಾದರೂ 4 ಜಿ.ಬಿ. ಇದ್ದರೆ ಅನುಕೂಲ. ಪೆನ್ ಡ್ರೈವ್‌ನಿಂದ ಚಾಲನೆ ಮಾಡಿ, ಏನನ್ನೂ ಅಳಿಸದೆ ಪರೀಕ್ಷಿಸಬಹುದು. ಆದರೆ ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಸಾಧನ, ಸ್ಕ್ಯಾನರ್ ಅದರಲ್ಲಿ ನಡೆಯುತ್ತವೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

7. ಕಡಿಮೆ ಅಪಾಯದ ವಿಧಾನ

ಹಳೆಯ ಹಾರ್ಡ್ ಡಿಸ್ಕನ್ನು ಅಳಿಸದೆ ಹೊರತೆಗೆದು, ಅದರ ಸ್ಥಾನದಲ್ಲಿ ಹೊಸ ಎಸ್‌ಎಸ್‌ಡಿ ಅಳವಡಿಸಿ ಹೊಸ ವ್ಯವಸ್ಥೆಯನ್ನು ಸ್ಥಾಪಿಸುವುದು ಉತ್ತಮ. ಇದರಿಂದ ಎರಡು ಪ್ರಯೋಜನಗಳಿವೆ: ಯಂತ್ರದ ವೇಗ ಗಣನೀಯವಾಗಿ ಹೆಚ್ಚುತ್ತದೆ, ಹಳೆಯ ಕಡತಗಳು ಹಳೆಯ ಡಿಸ್ಕಿನಲ್ಲಿ ಇದ್ದಂತೆಯೇ ಉಳಿಯುತ್ತವೆ. ರಿಪೇರಿ ಅಂಗಡಿಗೆ ಯಂತ್ರ ನೀಡುವಾಗ ಹಳೆಯ ಡಿಸ್ಕನ್ನು ಹಿಂದಿರುಗಿಸುವಂತೆ ಲಿಖಿತವಾಗಿ ತಿಳಿಸಿ ರಸೀದಿ ಪಡೆಯತಕ್ಕದ್ದು.

8. ಸ್ಥಾಪನೆಯ ಸಮಯದಲ್ಲಿ

ಸ್ಥಾಪನೆಯ ನಡುವೆ ವಿದ್ಯುತ್ ಕಡಿತವಾದರೆ ವ್ಯವಸ್ಥೆ ಅಪೂರ್ಣವಾಗಿ ಯಂತ್ರ ಚಾಲನೆಯಾಗದಿರಬಹುದು. ಜೆಸ್ಕಾಂ ವಿದ್ಯುತ್ ನಿಲುಗಡೆ ಪ್ರಕಟಿಸಿದ ದಿನ ಅಥವಾ ಗುಡುಗು ಮಳೆಯ ಸಂಜೆ ಈ ಕೆಲಸ ಮಾಡಬಾರದು. ಯು.ಪಿ.ಎಸ್. ಇದ್ದಲ್ಲಿ ಅದರ ಮೂಲಕವೇ ನಡೆಸುವುದು ಸೂಕ್ತ. ವಿಂಡೋಸ್ 11 ಸ್ಥಾಪನೆಗೆ ಕನಿಷ್ಠ 8 ಜಿ.ಬಿ.ಯ ಖಾಲಿ ಪೆನ್ ಡ್ರೈವ್ ಬೇಕು. ತಂತ್ರಾಂಶವನ್ನು ತಯಾರಕರ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯಬೇಕು. ಪರವಾನಗಿಯಿಲ್ಲದ ಪ್ರತಿಗಳಲ್ಲಿ ಗುಪ್ತಪದ ಕದಿಯುವ ತಂತ್ರಾಂಶ ಅಡಗಿರುವ ಸಂಭವವಿದೆ.

9. ವಂಚನೆಯ ಬಗ್ಗೆ ಎಚ್ಚರಿಕೆ

"ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ನಾವು ಸರಿಪಡಿಸುತ್ತೇವೆ" ಎಂದು ದೂರವಾಣಿ ಕರೆ ಬಂದಲ್ಲಿ ಯಂತ್ರದ ನಿಯಂತ್ರಣವನ್ನಾಗಲಿ, ಒಟಿಪಿಯನ್ನಾಗಲಿ ನೀಡಬಾರದು. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಹಾಯವಾಣಿಗೆ ದೂರು ಸಲ್ಲಿಸತಕ್ಕದ್ದು.

10. ಕೆಲಸ ಮುಗಿದ ನಂತರ

ಅರ್ಜಿ ಸಲ್ಲಿಸುವ ತಾಣವನ್ನು ತೆರೆದು, ಕನ್ನಡದಲ್ಲಿ ಹೆಸರು ಬೆರಳಚ್ಚು ಮಾಡಿ, ಒಂದು ಪಿಡಿಎಫ್ ತೆರೆದು, ಮುದ್ರಿಸಿ ನೋಡಿರಿ. ಈ ನಾಲ್ಕೂ ಸರಿಯಾಗಿ ನಡೆದ ಮೇಲೆಯೇ ಹಳೆಯ ಪ್ರತಿಗಳ ಬಗ್ಗೆ ನಿರ್ಧರಿಸಬಹುದು. ಕನಿಷ್ಠ ಒಂದು ಪ್ರತಿಯನ್ನು ಯಂತ್ರದಿಂದ ಪ್ರತ್ಯೇಕವಾಗಿ ಸದಾ ಕಾಯ್ದಿರಿಸಿಕೊಳ್ಳುವುದು ಹಿತಕರ.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.